ಬಾಯಲ್ಲಿ ಒಡೆಯಬೇಕು, ಬಾಯಲ್ಲಿ ಕರಗಬಾರದು: ನೋವಿನ ಮಾತ್ರೆಗಳ ರುಚಿ ಮರೆಸುವ ಕೆಲಸ

(ಔಷಧ ವಿಜ್ಞಾನದ ವಿದ್ಯಾರ್ಥಿಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಔಷಧದ ಹೆಸರಿನ ಪಕ್ಕದಲ್ಲಿ ‘ಎಂಡಿ’ ಎಂದು ಅಚ್ಚಾಗಿರುವುದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ವಾಂತಿ ನಿಲ್ಲಿಸಲು ಕೊಡುವ ಆಂಡಾನ್‌ಸೆಟ್ರಾನ್ ಮಾತ್ರೆಯ ಮೇಲೆ ಅದು ಸಾಮಾನ್ಯ. ಕೆಲವು ನೋವಿನ ಮಾತ್ರೆಗಳ ಮೇಲೂ ಇರುತ್ತದೆ. ಮೌತ್ ಡಿಸಾಲ್ವಿಂಗ್, ಅಂದರೆ ನೀರು ಕುಡಿಯದೆ ನಾಲಿಗೆಯ ಮೇಲೆ ಇಟ್ಟುಕೊಂಡರೆ ತಾನಾಗಿಯೇ ಕದಡಿ, ಜೊಲ್ಲಿನೊಂದಿಗೆ ನುಂಗಬಹುದಾದ ಮಾತ್ರೆ ಎಂದು ಅದರ ಅರ್ಥ. ಇಂದು ನಾನು ಹೇಳಬೇಕೆಂದಿರುವುದು ಈ ಮಾತ್ರೆಯೊಳಗೆ ಅಡಗಿರುವ ಒಂದು ವಿರೋಧದ ಬಗ್ಗೆ. ಮಾತ್ರೆ ಬಾಯಲ್ಲಿ ಅರ್ಧ ನಿಮಿಷದೊಳಗೆ ಒಡೆದು ಪುಡಿಯಾಗಬೇಕು, ಆದರೆ ಆ ಅರ್ಧ ನಿಮಿಷದಲ್ಲಿ ಅದರೊಳಗಿನ ಔಷಧ ಮಾತ್ರ ಜೊಲ್ಲಿನಲ್ಲಿ ಕರಗಬಾರದು. ನುಂಗಿ ಜಠರಕ್ಕೆ ಇಳಿದ ಮೇಲೆ ಅದೇ ಔಷಧ ತಡಮಾಡದೆ ಬಿಡುಗಡೆಯಾಗಬೇಕು. ಇವುಗಳಲ್ಲಿ ಯಾವುದನ್ನಾದರೂ ಒಂದನ್ನು ಸಾಧಿಸುವುದು ಸುಲಭ. ಎಲ್ಲವನ್ನೂ ಒಂದೇ ಮಾತ್ರೆಯಲ್ಲಿ ಸಾಧಿಸುವುದರಲ್ಲಿಯೇ ನಮ್ಮ ಕಸುಬಿನ ಕಷ್ಟವೆಲ್ಲ ಇದೆ.

ಮೊದಲು ಗಡಿ ಗುರುತಿಸಿಕೊಳ್ಳೋಣ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2008ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇಂಥ ಮಾತ್ರೆ ಸುಮಾರು 30 ಸೆಕೆಂಡುಗಳಲ್ಲಿ ಅಥವಾ ಅದಕ್ಕಿಂತ ಬೇಗ ಬಿಡಿಯಾಗಬೇಕು, ಅದರ ಒಟ್ಟು ತೂಕ 500 ಮಿಲಿಗ್ರಾಂ ಮೀರಬಾರದು. ಯುರೋಪಿನ ಔಷಧಕೋಶ, ಅಂದರೆ ಔಷಧಗಳ ಗುಣಮಟ್ಟವನ್ನು ನಿಗದಿಪಡಿಸುವ ಅಧಿಕೃತ ಗ್ರಂಥ, 3 ನಿಮಿಷಗಳವರೆಗೆ ಅವಕಾಶ ಕೊಡುತ್ತದೆ. ಆಶಾ ಕಾರ್ಯಕರ್ತೆಯರು ಓಆರ್‌ಎಸ್ ಪೊಟ್ಟಣದ ಜೊತೆಗೆ ಮಕ್ಕಳಿಗೆ ಕೊಡುವ 20 ಮಿಲಿಗ್ರಾಂ ಝಿಂಕ್ ಮಾತ್ರೆ ಈ ಜಾತಿಯದಲ್ಲ. ಅದನ್ನು ಚಮಚದಲ್ಲಿ ನೀರು ಅಥವಾ ಎದೆಹಾಲಿನೊಂದಿಗೆ ಕದಡಿ ಕುಡಿಸುತ್ತಾರೆ. ಇನ್ನು ತೂಕದ ಮಿತಿಯನ್ನು ಹಗುರವಾಗಿ ಕಾಣಬೇಡಿ. ಪ್ಯಾರಾಸಿಟಮಾಲ್‌ನ ಸಾಮಾನ್ಯ ಪ್ರಮಾಣವೇ 500 ಮಿಲಿಗ್ರಾಂ. ಔಷಧವೇ ಮಿತಿಯನ್ನು ತುಂಬಿಬಿಟ್ಟರೆ ಲೇಪನಕ್ಕೆ, ಸಿಹಿಗೆ, ಮಾತ್ರೆಯನ್ನು ಒಡೆಯುವ ಪದಾರ್ಥಕ್ಕೆ ಜಾಗವೆಲ್ಲಿ? ಆದ್ದರಿಂದ ಪಿರಾಕ್ಸಿಕ್ಯಾಮ್, ಮೆಲಾಕ್ಸಿಕ್ಯಾಮ್, ಕೀಟೊರೊಲ್ಯಾಕ್, ಟ್ರಮಡಾಲ್, ಮೈಗ್ರೇನಿನ ರೈಝಟ್ರಿಪ್ಟಾನ್‌ಗಳಂತೆ ಕಡಿಮೆ ಮಿಲಿಗ್ರಾಂಗಳಲ್ಲೇ ಕೆಲಸ ಮಾಡುವ ಔಷಧಗಳು ಈ ರೂಪಕ್ಕೆ ಒಗ್ಗುತ್ತವೆ. 200 ಮಿಲಿಗ್ರಾಂ ಇಬುಪ್ರೊಫೆನ್ ಗಡಿಯ ಮೇಲೆ ನಿಲ್ಲುತ್ತದೆ. ಕಷ್ಟಗಳೆಲ್ಲ ಒಟ್ಟಿಗೆ ಕಾಣಸಿಗುವುದು ಅದರಲ್ಲಿಯೇ ಆದ್ದರಿಂದ ನನ್ನ ಮುಖ್ಯ ಉದಾಹರಣೆಯೂ ಅದೇ.

ಈ ಮಾತ್ರೆ ಯಾರಿಗೆ ಬೇಕು ಎಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗುಳಿಗೆ ನುಂಗಲಾಗದ ಮಕ್ಕಳು, ಪಾರ್ಶ್ವವಾಯು ಅಥವಾ ಪಾರ್ಕಿನ್‌ಸನ್ ಕಾಯಿಲೆಯಿಂದ ನುಂಗುವ ಶಕ್ತಿ ಕುಂದಿದ ಹಿರಿಯರು, ಒಂದು ಗುಟುಕು ನೀರು ಕುಡಿದರೂ ವಾಂತಿ ಬರುವಂತಿರುವ ಮೈಗ್ರೇನ್ ರೋಗಿಗಳು, ಪ್ರಯಾಣದಲ್ಲಿ ನೀರು ಸಿಗದವರು ಇವರೆಲ್ಲರ ಅಗತ್ಯ ನಿಜವಾದುದು. ಅಗತ್ಯ ನಿಜವಾದ್ದರಿಂದಲೇ ಕೆಲಸವೂ ಪ್ರಾಮಾಣಿಕವಾಗಿರಬೇಕು.

ಕಹಿಯನ್ನು ನಾವು ಹೇಗೆ ಅರಿಯುತ್ತೇವೆ? ಮನುಷ್ಯನ ನಾಲಿಗೆಯ ರುಚಿಮೊಗ್ಗುಗಳಲ್ಲಿ ಕಹಿಗೆಂದೇ ಸುಮಾರು 25 ಬಗೆಯ ಗ್ರಾಹಕಗಳಿವೆ, ಅಂದರೆ ಕಹಿ ಅಣುಗಳನ್ನು ಗುರುತಿಸುವ ರಿಸೆಪ್ಟರುಗಳು. ಸಿಹಿಗೆ ಇಷ್ಟು ವೈವಿಧ್ಯವಿಲ್ಲ. ವಿಷವಿರುವ ಗಿಡಗಳು ಬಹುಮಟ್ಟಿಗೆ ಕಹಿಯಾಗಿರುವುದರಿಂದ ನಾಲಿಗೆ ಈ ಕಾವಲನ್ನು ಬೆಳೆಸಿಕೊಂಡಿದೆ ಎಂದು ಜೀವವಿಜ್ಞಾನಿಗಳು ಭಾವಿಸುತ್ತಾರೆ. ಔಷಧಗಳು ಆ ಕಾವಲಿಗೆ ಸಿಕ್ಕಿಬೀಳುತ್ತವೆ. ನಮಗೆ ಇಲ್ಲಿ ಉಪಯೋಗಕ್ಕೆ ಬರುವ ಸಂಗತಿ ಒಂದಿದೆ. ಕರಗಿದ ಅಣು ಮಾತ್ರ ಗ್ರಾಹಕವನ್ನು ತಲುಪಬಲ್ಲದು, ಕರಗದ ಕಣಕ್ಕೆ ರುಚಿಯಿಲ್ಲ. ರುಚಿ ಮರೆಸುವ ವಿಧಾನಗಳು ಎಷ್ಟೇ ಇದ್ದರೂ ಬಹುಪಾಲು ಎಲ್ಲವೂ ಈ ಒಂದು ಸಂಗತಿಯನ್ನು ಆಧರಿಸಿ ನಿಂತಿವೆ.

ಇಬುಪ್ರೊಫೆನ್ ಕಹಿಯ ಜೊತೆಗೆ ಇನ್ನೊಂದು ತೊಂದರೆಯನ್ನೂ ತರುತ್ತದೆ. ಅದು ಗಂಟಲನ್ನು ಉರಿಸುತ್ತದೆ. ಈ ಉರಿಯ ಗುಟ್ಟು ತಿಳಿದ ಬಗೆ ಸ್ವಾರಸ್ಯಕರವಾಗಿದೆ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಗ್ಯಾರಿ ಬೋಷಾಂಪ್ ಅವರಿಗೆ ದ್ರವರೂಪದ ಇಬುಪ್ರೊಫೆನ್ ಔಷಧದ ರುಚಿ ಪರೀಕ್ಷಿಸಿದ ಅನುಭವವಿತ್ತು. ಇಟಲಿಯ ಸಿಸಿಲಿಯಲ್ಲಿ ಹೊಸದಾಗಿ ಹಿಂಡಿದ ಆಲಿವ್ ಎಣ್ಣೆಯನ್ನು ಸವಿದಾಗ, ಇಬುಪ್ರೊಫೆನ್ ನುಂಗಿದಾಗ ಆಗಿದ್ದಂಥದೇ ಉರಿ ಗಂಟಲಿನ ಹಿಂಭಾಗದಲ್ಲಿ ಅವರಿಗೆ ಅನುಭವವಾಯಿತು. ಎಣ್ಣೆಯಲ್ಲಿ ಆ ಉರಿಗೆ ಕಾರಣವಾದ ಪದಾರ್ಥವನ್ನು ಅವರ ತಂಡ ಬೇರ್ಪಡಿಸಿ ಓಲಿಯೊಕ್ಯಾಂಥಾಲ್ ಎಂದು ಹೆಸರಿಟ್ಟಿತು. ಅದು ಇಬುಪ್ರೊಫೆನ್‌ನಂತೆಯೇ ಉರಿಯೂತದ ಕಿಣ್ವಗಳನ್ನು ತಡೆಯುತ್ತದೆ ಎಂದು 2005ರಲ್ಲಿ ಪ್ರಕಟಿಸಿತು. ಆರು ವರ್ಷಗಳ ನಂತರ, ಈ ಎರಡೂ ಪದಾರ್ಥಗಳು ಪ್ರಚೋದಿಸುವುದು ಟಿಆರ್‌ಪಿಎ1 ಎಂಬ ನರಗ್ರಾಹಕವನ್ನು ಎಂಬುದೂ ಹೊರಬಿತ್ತು. ಬಾಯಿಯ ಮುಂಭಾಗಕ್ಕಿಂತ ಗಂಟಲಿನಲ್ಲಿ ಅದರ ಪ್ರಭಾವ ಹೆಚ್ಚು. ಅಂದರೆ ಸಕ್ಕರೆಯಿಂದಲೋ ಸುಕ್ರಲೋಸ್ ಎಂಬ ಕೃತಕ ಸಿಹಿಯಿಂದಲೋ ನಾಲಿಗೆಯನ್ನು ಸಮಾಧಾನಪಡಿಸಿದರೂ ಗಂಟಲಿನ ಉರಿ ಹಾಗೆಯೇ ಉಳಿಯುತ್ತದೆ, ಏಕೆಂದರೆ ಸಂದೇಶ ಸಾಗುವ ದಾರಿಯೇ ಬೇರೆ. ನಿಂಬೆ, ಕಿತ್ತಳೆ, ಪುದೀನ ಮುಂತಾದ ಸುವಾಸನೆಗಳನ್ನು ಸೇರಿಸಿಬಿಟ್ಟರೆ ಕೆಲಸ ಮುಗಿಯಿತು ಎಂದು ಭಾವಿಸುವವರು ಇದನ್ನು ಗಮನಿಸಬೇಕು. ಸುವಾಸನೆ ಮತ್ತು ಸಿಹಿ ಬೇಕೇ ಬೇಕು, ಆದರೆ ಅವು ಕೊನೆಯ ಹಂತದ ಅಲಂಕಾರ. ಅದಕ್ಕೆ ಮೊದಲು ಔಷಧ ಜೊಲ್ಲಿಗೆ ಸೋರದಂತೆ ತಡೆಯಬೇಕು.

ತಡೆಯುವ ದಾರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲೇಪನ. ಔಷಧದ ಪ್ರತಿಯೊಂದು ಕಣದ ಮೇಲೂ ಪಾಲಿಮರಿನ ತೆಳುವಾದ ಪೊರೆಯನ್ನು ಹೊದಿಸಲಾಗುತ್ತದೆ. ಇದಕ್ಕೆ ಬಳಸುವ ಯಂತ್ರದಲ್ಲಿ ಕೆಳಗಿನಿಂದ ಬೀಸುವ ಬಿಸಿ ಗಾಳಿ ಕಣಗಳನ್ನು ತೇಲಿಸುತ್ತದೆ, ಪಾಲಿಮರ್ ದ್ರಾವಣವನ್ನು ಅವುಗಳ ಮೇಲೆ ಸಿಂಪಡಿಸಲಾಗುತ್ತದೆ. ಇದರ ಸುಧಾರಿತ ರೂಪಕ್ಕೆ ಅದನ್ನು ಕಂಡುಹಿಡಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇಲ್ ವುರ್ಸ್ಟರ್ ಅವರ ಹೆಸರೇ ನಿಂತಿದೆ. ಪಾಲಿಮರುಗಳಲ್ಲಿ ಯೂಡ್ರಾಜಿಟ್ ಇ ಎಂಬುದು ರುಚಿ ಮರೆಸುವ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 5ಕ್ಕಿಂತ ಕಡಿಮೆ ಇರುವಲ್ಲಿ ಕರಗುತ್ತದೆ, ಅದಕ್ಕಿಂತ ಮೇಲೆ ಕರಗುವುದಿಲ್ಲ. ಜೊಲ್ಲಿನ ಪಿಎಚ್ 7ರ ಆಸುಪಾಸಿನಲ್ಲಿರುವುದರಿಂದ ಪೊರೆ ಬಾಯಲ್ಲಿ ಉಳಿಯುತ್ತದೆ, ಜಠರದ ಹುಳಿಯಲ್ಲಿ ತೆರೆದುಕೊಳ್ಳುತ್ತದೆ. ಆದರೆ ಇಬುಪ್ರೊಫೆನ್ ಆಮ್ಲ, ಈ ಪಾಲಿಮರ್ ಕ್ಷಾರೀಯ. ಎರಡೂ ಒಂದನ್ನೊಂದು ಸೆಳೆದು ಪೊರೆಯ ಕೆಲಸ ಕೆಡಬಹುದು. ಆದ್ದರಿಂದ ಕೆಲವರು ನೀರಿನಲ್ಲಿ ಕರಗದ ಈಥೈಲ್ ಸೆಲ್ಯುಲೋಸ್ ಅನ್ನು ಬಳಸಿ, ಅದರಲ್ಲಿ ಸೂಕ್ಷ್ಮ ರಂಧ್ರಗಳು ಮೂಡಲೆಂದು ನೀರಿನಲ್ಲಿ ಕರಗುವ ಹೈಪ್ರೊಮೆಲೋಸ್ ಅನ್ನು ಬೆರೆಸುತ್ತಾರೆ. ಇಬುಪ್ರೊಫೆನ್ ಸುಮಾರು 76 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ ದ್ರವವಾಗುವುದರಿಂದ ಗಾಳಿಯ ಬಿಸಿಯನ್ನೂ ಹದದಲ್ಲಿಡಬೇಕು, ಇಲ್ಲದಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ.

ಲೇಪನದ ನಿಜವಾದ ಲೆಕ್ಕಾಚಾರ ಕಣದ ಗಾತ್ರದಲ್ಲಿದೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಣದ ವ್ಯಾಸ 200 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಪೊರೆಯ ದಪ್ಪ 10 ಮೈಕ್ರಾನ್ ಎಂದಿಟ್ಟುಕೊಳ್ಳಿ. ಪೊರೆ ಎರಡೂ ಬದಿಗೆ ಸೇರುವುದರಿಂದ ಹೊಸ ವ್ಯಾಸ 220 ಮೈಕ್ರಾನ್. ಗೋಳದ ಗಾತ್ರ ವ್ಯಾಸದ ಘನಕ್ಕೆ ಅನುಗುಣವಾದುದರಿಂದ 1.1ರ ಘನ, ಅಂದರೆ ಗಾತ್ರ 1.331 ಪಟ್ಟಾಯಿತು; ಹೆಚ್ಚಿದ ಭಾಗಕ್ಕೆ ಒಳಗಿನ ಔಷಧದ ಗಾತ್ರದ ಮೂರನೆಯ ಒಂದು ಭಾಗದಷ್ಟು ಪಾಲಿಮರ್ ಬೇಕಾಯಿತು. ಈಗ ಕಣದ ವ್ಯಾಸವನ್ನು 100 ಮೈಕ್ರಾನ್‌ಗೆ ಇಳಿಸಿ, ಪೊರೆಯ ದಪ್ಪವನ್ನು ಹಾಗೆಯೇ ಇಡಿ. 1.2ರ ಘನ 1.728, ಔಷಧದ ಗಾತ್ರದ ಮುಕ್ಕಾಲು ಭಾಗದಷ್ಟು ಪಾಲಿಮರ್ ಬೇಕು. ಕಣ ಸಣ್ಣದಾದಷ್ಟೂ ಬಾಯಿಗೆ ನುಣುಪು, ಆದರೆ ಲೇಪನದ ಹೊರೆ ಹೆಚ್ಚಿ ಮಾತ್ರೆ ತೂಕದ ಮಿತಿಯನ್ನು ದಾಟುತ್ತದೆ. ಕಣ ದೊಡ್ಡದಾದಷ್ಟೂ ಪಾಲಿಮರ್ ಉಳಿತಾಯ, ಆದರೆ ನಾಲಿಗೆಗೆ ಮರಳು ಸಿಕ್ಕಂತೆ ಚರಚರ ಎನ್ನುತ್ತದೆ, ರೋಗಿ ಉಗುಳಿಬಿಡುತ್ತಾನೆ. ಈ ಎರಡರ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಮಾತ್ರೆಯ ಸೂತ್ರ ರೂಪಿಸುವವನು ಕಣದ ಗಾತ್ರವನ್ನು ಆರಿಸಿಕೊಳ್ಳಬೇಕು.

ಎರಡನೆಯ ದಾರಿ ಅಯಾನು ವಿನಿಮಯ ರಾಳದ್ದು, ಅಂದರೆ ವಿದ್ಯುದಂಶ ಹೊತ್ತ ಕಣಗಳಾದ ಅಯಾನುಗಳನ್ನು ಹಿಡಿದು ಬೇರೆ ಅಯಾನುಗಳಿಗೆ ಬಿಟ್ಟುಕೊಡುವ, ನೀರಿನಲ್ಲಿ ಕರಗದ ಪದಾರ್ಥದ್ದು. ಇದರ ಸೊಗಸನ್ನು ತೋರಿಸಲು ಟ್ರಮಡಾಲ್ ಒಳ್ಳೆಯ ಉದಾಹರಣೆ. ನೀರಿನಲ್ಲಿ ಧಾರಾಳವಾಗಿ ಕರಗುವ, ತುಂಬಾ ಕಹಿಯಾದ ಈ ಔಷಧ ಸ್ವಭಾವದಲ್ಲಿ ಕ್ಷಾರೀಯ. ದ್ರಾವಣದಲ್ಲಿ ಧನ ವಿದ್ಯುದಂಶ ಹೊತ್ತಿರುತ್ತದೆ. ಕಾರ್ಬಾಕ್ಸಿಲ್ ಗುಂಪುಗಳಿರುವ ದುರ್ಬಲ ಆಮ್ಲ ರಾಳದೊಂದಿಗೆ ಅದರ ದ್ರಾವಣವನ್ನು ಕೆಲವು ಗಂಟೆ ಕಲಕಿದರೆ ಔಷಧ ರಾಳದ ಕಣಗಳೊಳಗೆ ಸೇರಿ ಹಿಡಿದುಕೊಳ್ಳುತ್ತದೆ. ನಂತರ ಸೋಸಿ, ತೊಳೆದು, ಒಣಗಿಸಿದ ಪುಡಿಯಲ್ಲಿ ಕಹಿ ಬಹುಮಟ್ಟಿಗೆ ಇರುವುದಿಲ್ಲ. ಬಾಯಲ್ಲಿ ಅದನ್ನು ಬಿಡಿಸುವಷ್ಟು ಅಯಾನುಗಳೂ ಇಲ್ಲ, ಸಮಯವೂ ಇಲ್ಲ. ಜಠರದಲ್ಲಿ ಹೈಡ್ರೊಜನ್ ಅಯಾನುಗಳು ರಾಳದ ಮೇಲೆ ಮುಗಿಬಿದ್ದು ಔಷಧವನ್ನು ಹೊರದೂಡುತ್ತವೆ. ನೋಡಲು ಸರಳವಾದ ಈ ತಂತ್ರ ಇದೇ ಆಮ್ಲ ರಾಳದೊಂದಿಗೆ ಇಬುಪ್ರೊಫೆನ್, ಡೈಕ್ಲೊಫೆನ್ಯಾಕ್‌ಗಳಂಥ ಆಮ್ಲ ಔಷಧಗಳಿಗೆ ಒಗ್ಗುವುದಿಲ್ಲ, ಏಕೆಂದರೆ ಅವುಗಳ ವಿದ್ಯುದಂಶ ಋಣ. ಔಷಧದ ಆಮ್ಲ-ಕ್ಷಾರ ಸ್ವಭಾವವನ್ನು ನೋಡದೆ ಗ್ರಂಥಾಲಯದಲ್ಲಿ ಸಿಕ್ಕ ಪ್ರಬಂಧದ ರಾಳವನ್ನೇ ತಂದು ಬೆರೆಸುವ ವಿದ್ಯಾರ್ಥಿಗಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಇನ್ನೊಂದು ಮಾತು: 2018ರ ಏಪ್ರಿಲ್‌ನಿಂದ ಟ್ರಮಡಾಲ್ ನಮ್ಮ ದೇಶದಲ್ಲಿ ಮಾದಕ ವಸ್ತುಗಳ ಕಾಯ್ದೆಯಡಿ ಬರುತ್ತದೆ. ಅದರೊಂದಿಗೆ ಮಾಡುವ ಪ್ರಯೋಗಾಲಯದ ಕೆಲಸಕ್ಕೂ ಆ ಕಾಯ್ದೆಯ ಕಟ್ಟುಪಾಡುಗಳಿವೆ.

ಮೂರನೆಯದು ಸೈಕ್ಲೊಡೆಕ್ಸ್‌ಟ್ರಿನ್. ಬೀಟಾ ಸೈಕ್ಲೊಡೆಕ್ಸ್‌ಟ್ರಿನ್ ಏಳು ಗ್ಲೂಕೋಸ್ ಘಟಕಗಳು ಸುತ್ತುಗಟ್ಟಿ ಆದ, ನಡುವೆ ಪೊಳ್ಳಿರುವ ಅಣು. ಔಷಧದ ಅಣು ಆ ಪೊಳ್ಳಿನಲ್ಲಿ ಕುಳಿತರೆ ಗ್ರಾಹಕಕ್ಕೆ ಸಿಗುವುದಿಲ್ಲ. ಇಲ್ಲಿಯೂ ತೂಕದ ಲೆಕ್ಕವೇ ತೀರ್ಪು ಹೇಳುತ್ತದೆ. ಇದರ ಅಣುತೂಕ 1135, ಇಬುಪ್ರೊಫೆನ್‌ನದು 206. ಒಂದಕ್ಕೊಂದು ಅಣುವಿನಂತೆ ಜೋಡಿಸಿದರೂ 200 ಮಿಲಿಗ್ರಾಂ ಇಬುಪ್ರೊಫೆನ್‌ಗೆ 1100 ಮಿಲಿಗ್ರಾಂ ಸೈಕ್ಲೊಡೆಕ್ಸ್‌ಟ್ರಿನ್ ಬೇಕು. ಬಾಯಲ್ಲಿ ಕದಡುವ ಮಾತ್ರೆಯ ಮಾತೇ ಇಲ್ಲ. ಪಿರಾಕ್ಸಿಕ್ಯಾಮ್‌ನ ಪ್ರಮಾಣ 20 ಮಿಲಿಗ್ರಾಂ ಮಾತ್ರ, ಅಣುತೂಕ 331. ಒಂದು ಅಣುವಿಗೆ ಎರಡೂವರೆ ಸೈಕ್ಲೊಡೆಕ್ಸ್‌ಟ್ರಿನ್ ಲೆಕ್ಕದಲ್ಲಿ ಹಿಡಿದರೂ ಸಂಯುಕ್ತದ ಒಟ್ಟು ತೂಕ 191 ಮಿಲಿಗ್ರಾಂ ಆಗುತ್ತದೆ. ಇಟಲಿಯ ಕಿಯೇಸಿ ಕಂಪನಿ ಮಾರುಕಟ್ಟೆಗೆ ತಂದ ಪಿರಾಕ್ಸಿಕ್ಯಾಮ್–ಸೈಕ್ಲೊಡೆಕ್ಸ್‌ಟ್ರಿನ್ ಮಾತ್ರೆಯಲ್ಲಿರುವುದು ಇದೇ ಪ್ರಮಾಣ. ಅದನ್ನು ರೂಪಿಸಿದ್ದು ರುಚಿಗಿಂತ ಹೆಚ್ಚಾಗಿ ಬೇಗ ಕರಗಿಸುವ ಉದ್ದೇಶಕ್ಕೆ, ಆದರೂ ಯಾವ ಔಷಧ ಯಾವ ದಾರಿಯಲ್ಲಿ ಹೋಗಬಲ್ಲದು ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ.

ಇಷ್ಟು ಹೊತ್ತು ಔಷಧದ ಕಣದ ಬಗ್ಗೆ ಮಾತನಾಡಿದೆವು. ಈಗ ಮಾತ್ರೆಯ ಕಡೆಗೆ ಬರೋಣ. ಮಾತ್ರೆ ಬೇಗ ಒಡೆಯಲು ಅದರೊಳಗೆ ನೀರು ಬೇಗ ನುಗ್ಗಬೇಕು. ಇದಕ್ಕಾಗಿ ಕ್ರಾಸ್‌ಪೊವಿಡೋನ್, ಕ್ರಾಸ್‌ಕಾರ್ಮೆಲೋಸ್ ಸೋಡಿಯಂ, ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಎಂಬ ಮೂರು ಪದಾರ್ಥಗಳಲ್ಲಿ ಯಾವುದನ್ನಾದರೂ ಕಡಿಮೆ ಪ್ರಮಾಣದಲ್ಲಿ ಬೆರೆಸುತ್ತಾರೆ. ಮೂರನೆಯದು ನೀರಿನಲ್ಲಿ ಬಹಳವಾಗಿ ಉಬ್ಬುತ್ತದೆ, ಆದರೆ ಪ್ರಮಾಣ ಹೆಚ್ಚಾದರೆ ಅಂಟಾಗಿ ನೀರಿನ ದಾರಿಯನ್ನೇ ಮುಚ್ಚುತ್ತದೆ. ಬಾಯಿಯಲ್ಲಿರುವ ಅಲ್ಪ ನೀರಿಗೆ ಕ್ರಾಸ್‌ಪೊವಿಡೋನ್ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದು ಅಂಟಾಗುವುದಿಲ್ಲ, ತನ್ನ ರಂಧ್ರಗಳ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಒತ್ತಿಟ್ಟ ಕಣಗಳು ಮೊದಲಿನ ಆಕಾರಕ್ಕೆ ಮರಳುವಾಗ ಮಾತ್ರೆಯನ್ನು ಸೀಳುತ್ತವೆ. ಮಾತ್ರೆಯ ಒಡಲಿಗೆ ಸಾಮಾನ್ಯವಾಗಿ ಮ್ಯಾನಿಟಾಲ್ ಹಾಕುತ್ತಾರೆ. ಸಕ್ಕರೆಯ ಅರ್ಧದಷ್ಟು ಸಿಹಿ, ಗಾಳಿಯ ತೇವವನ್ನು ಹೀರುವುದಿಲ್ಲ, ಕರಗುವಾಗ ಪ್ರತಿ ಗ್ರಾಂಗೆ ಸುಮಾರು 120 ಜೂಲ್ ಶಾಖವನ್ನು ಬಾಯಿಯಿಂದ ಹೀರಿಕೊಂಡು ತಂಪೆನಿಸುತ್ತದೆ. ಆ ತಂಪು ಕಹಿಯ ಕಡೆಗಿರುವ ಗಮನವನ್ನು ಸ್ವಲ್ಪ ಬೇರೆಡೆಗೆ ತಿರುಗಿಸುತ್ತದೆ.

ಮಾತ್ರೆಯಲ್ಲಿ ರಂಧ್ರಗಳನ್ನು ಮಾಡುವ ಇನ್ನೊಂದು ವಿಧಾನ ನಮ್ಮ ಕಾಲೇಜುಗಳಲ್ಲಿ ಬಹಳ ಪ್ರಚಾರದಲ್ಲಿದೆ. ಪೂಜೆಯ ಕರ್ಪೂರ ಡಬ್ಬಿಯೊಳಗೇ ಸವೆದುಹೋಗುವುದನ್ನು ಎಲ್ಲರೂ ಕಂಡಿದ್ದೀರಿ. ಅದು ದ್ರವವಾಗದೆ ನೇರವಾಗಿ ಆವಿಯಾಗುತ್ತದೆ. ಕರ್ಪೂರವನ್ನು ಬೆರೆಸಿ ಮಾತ್ರೆ ಒತ್ತಿ, 60 ಡಿಗ್ರಿಯ ಒಲೆಯಲ್ಲಿ ಇಟ್ಟರೆ ಕರ್ಪೂರ ಹಾರಿಹೋಗಿ ಅದರ ಜಾಗದಲ್ಲಿ ರಂಧ್ರಗಳು ಉಳಿಯುತ್ತವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಂ.ಫಾರ್ಮ್ ಪ್ರಬಂಧಗಳಲ್ಲಿ ಈ ವಿಧಾನ ಮೇಲಿಂದ ಮೇಲೆ ಕಾಣುತ್ತದೆ. ಕಲಿಕೆಗೆ ಇದು ಒಳ್ಳೆಯ ಪ್ರಯೋಗ. ಆದರೆ ಕರ್ಪೂರ ಚಿಕ್ಕ ಮಕ್ಕಳಿಗೆ ವಿಷಕಾರಿ; ಅದು ಸಂಪೂರ್ಣ ಹೋಗಿದೆ ಎಂದು ಪ್ರತಿಯೊಂದು ಬ್ಯಾಚಿನ ಮಾತ್ರೆಯಲ್ಲೂ ರುಜುವಾತು ಮಾಡಬೇಕಾಗುತ್ತದೆ. ಮಕ್ಕಳಿಗೆಂದೇ ಮಾಡುವ ನೋವಿನ ಮಾತ್ರೆಗೆ ನಾನು ಈ ದಾರಿಯನ್ನು ಸೂಚಿಸುವುದಿಲ್ಲ. ಇನ್ನೊಂದು ತುದಿಯಲ್ಲಿ ಝೈಡಿಸ್ ಎಂಬ ತಂತ್ರಜ್ಞಾನವಿದೆ. ಅದರಲ್ಲಿ ಮಾತ್ರೆಯನ್ನು ಒತ್ತುವುದೇ ಇಲ್ಲ. ಜೆಲಾಟಿನ್ ಮತ್ತು ಮ್ಯಾನಿಟಾಲ್ ದ್ರವದಲ್ಲಿ ಔಷಧವನ್ನು ಕದಡಿ, ಬ್ಲಿಸ್ಟರಿನ ಗುಳಿಯೊಳಗೇ ಸುರಿದು, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜುಗಡ್ಡೆಯನ್ನು ಆವಿಯಾಗಿಸುತ್ತಾರೆ. ಉಳಿಯುವುದು ನಾಲಿಗೆಯ ಮೇಲೆ ಕೆಲವೇ ಸೆಕೆಂಡುಗಳಲ್ಲಿ ಮಾಯವಾಗುವ ಹಗುರ ಬಿಲ್ಲೆ. ಪಿರಾಕ್ಸಿಕ್ಯಾಮ್ ಈ ರೂಪದಲ್ಲಿಯೂ ಬಂದಿದೆ. ಬಿಲ್ಲೆ ಎಷ್ಟು ಮೃದುವೆಂದರೆ ಸಾಮಾನ್ಯ ಸ್ಟ್ರಿಪ್ಪಿನಂತೆ ಹಿಂದಿನಿಂದ ಒತ್ತಿ ತೆಗೆದರೆ ಪುಡಿಯಾಗುತ್ತದೆ. ಹಿಂಬದಿಯ ಹಾಳೆಯನ್ನು ಸುಲಿದು ತೆಗೆಯಬೇಕು. ಜೆಲಾಟಿನ್ ಪ್ರಾಣಿಮೂಲದ್ದಾದ್ದರಿಂದ ಸಸ್ಯಾಹಾರಿಗಳು ಅದನ್ನು ಕೇಳಿ ತಿಳಿಯುವುದು ನ್ಯಾಯವೇ.

ಒತ್ತಿ ಮಾಡುವ ಮಾತ್ರೆಯಲ್ಲಿ ಲೇಪನ ಮತ್ತು ಯಂತ್ರ ಮುಖಾಮುಖಿಯಾಗುತ್ತವೆ. ಮಾತ್ರೆ ಸ್ಟ್ರಿಪ್ಪಿನಲ್ಲಿ ಸವೆಯದಷ್ಟು ಗಟ್ಟಿಯಿರಬೇಕು. ನಿಮಿಷಕ್ಕೆ 25 ಸುತ್ತಿನಂತೆ 100 ಸುತ್ತು ಡ್ರಮ್ಮಿನಲ್ಲಿ ಉರುಳಿಸಿದ ಮೇಲೆ ತೂಕದಲ್ಲಿ ಶೇ 1ಕ್ಕಿಂತ ಹೆಚ್ಚು ಕಳೆಯಬಾರದು ಎಂಬುದು ಔಷಧಕೋಶದ ಪರೀಕ್ಷೆ. ಅದಕ್ಕಾಗಿ ಒತ್ತಡ ಹೆಚ್ಚಿಸಿದರೆ ರಂಧ್ರಗಳು ಮುಚ್ಚಿ ಒಡೆಯುವ ಸಮಯ ಏರುತ್ತದೆ, ಅಷ್ಟೇ ಅಲ್ಲದೆ ಬಹಳ ಶ್ರಮದಿಂದ ಹೊದಿಸಿದ ಪೊರೆಗಳು ಯಂತ್ರದ ಪಂಚ್‌ಗಳ, ಅಂದರೆ ಪುಡಿಯನ್ನು ಒತ್ತುವ ಲೋಹದ ಅಚ್ಚುಗಳ, ನಡುವೆ ಬಿರುಕು ಬಿಡುತ್ತವೆ. 200 ಮಿಲಿಗ್ರಾಂ ಇಬುಪ್ರೊಫೆನ್‌ನಲ್ಲಿ ನೂರರಲ್ಲಿ ಒಂದು ಕಣದ ಪೊರೆ ಒಡೆದರೂ 2 ಮಿಲಿಗ್ರಾಂ ಔಷಧ ಜೊಲ್ಲಿಗೆ ತೆರೆದುಕೊಂಡಿತು. ನಾಲಿಗೆಯ ಸುತ್ತ ಒಂದು ಹೊತ್ತಿಗೆ ಇರುವ ಜೊಲ್ಲು ಒಂದು ಮಿಲಿಲೀಟರಿನ ಆಸುಪಾಸು ಮಾತ್ರ. ಉಳಿದ ತೊಂಬತ್ತೊಂಬತ್ತು ಕಣಗಳ ಲೇಪನ ಎಷ್ಟೇ ಚೆನ್ನಾಗಿದ್ದರೂ ಆ ಒಂದು ಕಣದಿಂದ ಮಾತ್ರೆ ಕೆಡುತ್ತದೆ. ಲೇಪಿತ ಕಣಗಳ ಸುತ್ತ ಮೆತ್ತಗಿನ ಪದಾರ್ಥಗಳನ್ನು ಧಾರಾಳವಾಗಿ ತುಂಬಿ ಒತ್ತಡವನ್ನು ಅವುಗಳ ಮೇಲೆ ಹರಿಸುವುದು, ಪಾಲಿಮರಿಗೆ ಬಾಗುವ ಗುಣ ಕೊಡುವ ಪದಾರ್ಥ ಸೇರಿಸುವುದು ಇದಕ್ಕೆ ಪರಿಹಾರ. ಒತ್ತುವ ಮುನ್ನ ಮತ್ತು ಒತ್ತಿದ ನಂತರ ಎರಡೂ ಸಲ ಔಷಧದ ಸೋರಿಕೆಯನ್ನು ಅಳೆದು ಹೋಲಿಸದ ಯಾವ ಪ್ರಬಂಧವನ್ನೂ ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಅಳೆಯುವ ವಿಷಯಕ್ಕೇ ಬರುತ್ತೇನೆ. ಸಾಮಾನ್ಯ ಮಾತ್ರೆಯ ಒಡೆಯುವ ಸಮಯವನ್ನು ನೋಡುವ ಯಂತ್ರದಲ್ಲಿ ಒಂದು ಲೀಟರಿನ ಬೀಕರ್, 37 ಡಿಗ್ರಿಯ ನೀರು, ಅದರಲ್ಲಿ ನಿಮಿಷಕ್ಕೆ ಸುಮಾರು 30 ಸಲ ಮೇಲೆ ಕೆಳಗೆ ಆಡುವ ಬುಟ್ಟಿ ಇರುತ್ತದೆ. ಬಾಯಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಆದ್ದರಿಂದ ನಮ್ಮ ಪ್ರಯೋಗಾಲಯಗಳಲ್ಲಿ ಒದ್ದೆಯಾಗುವ ಸಮಯವನ್ನೂ ನೋಡುತ್ತೇವೆ. ಆರೂವರೆ ಸೆಂಟಿಮೀಟರ್ ಅಗಲದ ಪೆಟ್ರಿ ತಟ್ಟೆಯಲ್ಲಿ ಎರಡು ಮಡಿಕೆ ಮಾಡಿದ ಟಿಶ್ಯೂ ಕಾಗದವನ್ನಿಟ್ಟು, ಬಣ್ಣ ಬೆರೆಸಿದ 6 ಮಿಲಿಲೀಟರ್ ನೀರು ಹಾಕಿ, ಮಾತ್ರೆಯನ್ನು ಮೆಲ್ಲಗೆ ಕಾಗದದ ಮೇಲಿಡುತ್ತೇವೆ. ಬಣ್ಣ ಮಾತ್ರೆಯ ಅಂಚಿನಿಂದ ಏರಿ, ನಡುವಿನ ಬಿಳಿಯ ಚುಕ್ಕೆಯನ್ನು ಕಿರಿದಾಗಿಸುತ್ತ, ಕೊನೆಗೆ ಮೇಲ್ಮೈಯನ್ನೆಲ್ಲ ಆವರಿಸುವವರೆಗಿನ ಸೆಕೆಂಡುಗಳನ್ನು ಗಡಿಯಾರದಲ್ಲಿ ಎಣಿಸುತ್ತೇವೆ. ಬಣ್ಣ ಒಂದು ಬದಿಯಲ್ಲಿ ನಿಂತುಬಿಟ್ಟರೆ ಅಲ್ಲಿ ಪುಡಿ ಯಂತ್ರಕ್ಕೆ ಅಂಟದಿರಲೆಂದು ಹಾಕುವ ಮೆಗ್ನೀಸಿಯಂ ಸ್ಟಿಯರೇಟ್ ಹೆಚ್ಚಾಗಿ ಬೆರೆತು ನೀರನ್ನು ತಡೆಯುತ್ತಿರಬಹುದೆಂದು ಅನುಮಾನಿಸುತ್ತೇವೆ. ಅಗ್ಗದ ಈ ಪರೀಕ್ಷೆ ಮಾತ್ರೆಯ ಒಳರಚನೆಯ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ರುಚಿಯನ್ನು ಅಳೆಯುವುದು ಇನ್ನೂ ಕಠಿಣ. ನೀತಿ ಸಮಿತಿಯ ಅನುಮತಿ ಪಡೆದು ಆರೋಗ್ಯವಂತ ಸ್ವಯಂಸೇವಕರಿಗೆ ಮಾತ್ರೆ ಕೊಟ್ಟು, ಬಾಯಲ್ಲಿಟ್ಟುಕೊಂಡು ಉಗುಳಿ, ಕಹಿಗೆ ಅಂಕ ಕೊಡುವಂತೆ ಕೇಳುವುದು ರೂಢಿಯ ಕ್ರಮ. ಇದರಲ್ಲಿ ಎರಡು ದೋಷಗಳಿವೆ. ಒಂದು, ಕಹಿಯ ಅರಿವು ಎಲ್ಲರಿಗೂ ಸಮನಲ್ಲ. 1931ರಲ್ಲಿ ಡ್ಯುಪಾಂಟ್ ಕಂಪನಿಯ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ರಾಸಾಯನಿಕದ ಪುಡಿ ಗಾಳಿಯಲ್ಲಿ ಹಾರಿದಾಗ ಸಹೋದ್ಯೋಗಿಗೆ ಬಾಯೆಲ್ಲ ಕಹಿಯಾಯಿತು, ಫಾಕ್ಸ್ ಅವರಿಗೆ ಏನೂ ತಿಳಿಯಲಿಲ್ಲ. ಈ ವ್ಯತ್ಯಾಸ ವಂಶವಾಹಿಯದ್ದು ಎಂದು ನಂತರ ಗೊತ್ತಾಯಿತು. ಆದ್ದರಿಂದ ನಾಲ್ಕೈದು ಮಂದಿಯ ನಾಲಿಗೆಯನ್ನು ನಂಬಿ ತೀರ್ಮಾನಿಸುವುದು ಸರಿಯಲ್ಲ. ಎರಡನೆಯದು, ಇಬುಪ್ರೊಫೆನ್‌ನ ಉರಿ ಗಂಟಲಿನಲ್ಲಿರುವುದರಿಂದ ಉಗುಳಿದವನಿಗೆ ಅದು ತಿಳಿಯುವುದೇ ಇಲ್ಲ. ನುಂಗಿದ ಮೇಲೆಯೇ ಕೇಳಬೇಕು. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಕಿಯೋಶಿ ಟೊಕೊ ಅವರು ಕೊಬ್ಬಿನ ಪೊರೆಗಳ ಸಂವೇದಕಗಳಿಂದ ರೂಪಿಸಿದ ವಿದ್ಯುನ್ಮಾನ ನಾಲಿಗೆಯನ್ನು ಔಷಧ ಕಂಪನಿಗಳು ಬಳಸುತ್ತವೆ. ಅದು ಕಹಿಯನ್ನು ದಣಿವಿಲ್ಲದೆ ಅಳೆಯುತ್ತದೆ, ಆದರೆ ಯಂತ್ರಕ್ಕೆ ಗಂಟಲಿಲ್ಲ. ಅಂತಿಮ ತೀರ್ಪು ಮನುಷ್ಯನದೇ ಆಗಿರಬೇಕು.

ಈಗ ಬಹಳ ಮಂದಿ ಕೇಳುವ ಪ್ರಶ್ನೆ: ಬಾಯಲ್ಲೇ ಕದಡುವ ಮಾತ್ರೆಯಿಂದ ನೋವು ಬೇಗ ಕಡಿಮೆಯಾಗುತ್ತದೆಯೇ? ಆಗಲೇಬೇಕೆಂದೇನೂ ಇಲ್ಲ. ರೈಝಟ್ರಿಪ್ಟಾನ್‌ನ ಅಧಿಕೃತ ವಿವರಪತ್ರವನ್ನೇ ನೋಡಿ. ಸಾಮಾನ್ಯ ಮಾತ್ರೆ ನುಂಗಿದಾಗ ರಕ್ತದಲ್ಲಿ ಔಷಧ ಗರಿಷ್ಠ ಮಟ್ಟ ತಲುಪಲು 1ರಿಂದ 1.5 ಗಂಟೆ, ಬಾಯಲ್ಲಿ ಕದಡುವ ಮಾತ್ರೆಗೆ 1.6ರಿಂದ 2.5 ಗಂಟೆ. ಕದಡುವ ಮಾತ್ರೆಯೇ ನಿಧಾನ! ಅದರ ಉಪಯೋಗ ವಾಕರಿಕೆಯ ನಡುವೆ ನೀರಿಲ್ಲದೆ ತೆಗೆದುಕೊಳ್ಳಬಹುದು ಎಂಬುದರಲ್ಲಿದೆ, ವೇಗದಲ್ಲಿ ಅಲ್ಲ. ಬಾಯಿಯ ಒಳಪೊರೆಯ ಮೂಲಕವೇ ರಕ್ತಕ್ಕೆ ಸೇರುವ ಔಷಧಗಳ ಕತೆ ಬೇರೆ. ಪಾರ್ಕಿನ್‌ಸನ್‌ಗೆ ಕೊಡುವ ಸೆಲೆಜಿಲಿನ್ ಝೈಡಿಸ್ ರೂಪದಲ್ಲಿ 1.25 ಮಿಲಿಗ್ರಾಂ ಕೊಟ್ಟರೆ ಸಾಮಾನ್ಯ ಮಾತ್ರೆಯ 10 ಮಿಲಿಗ್ರಾಂನಷ್ಟು ಕೆಲಸವಾಗುತ್ತದೆ, ಏಕೆಂದರೆ ಅದು ಯಕೃತ್ತನ್ನು ತಪ್ಪಿಸಿ ರಕ್ತಕ್ಕೆ ಸೇರುತ್ತದೆ. ಆದರೆ ರುಚಿ ಮರೆಸಲೆಂದು ಲೇಪಿಸಿದ ಕಣ ಬಾಯಲ್ಲಿ ಕರಗಬಾರದೆಂದೇ ಮಾಡಿದ್ದು; ಅದರಿಂದ ಈ ಲಾಭವನ್ನು ನಿರೀಕ್ಷಿಸುವಂತಿಲ್ಲ. ಇಬುಪ್ರೊಫೆನ್ ನಿಜವಾಗಿ ಬೇಗ ಕೆಲಸ ಮಾಡಬೇಕೆಂದರೆ ಅದನ್ನು ಲೈಸಿನ್ ಲವಣವಾಗಿ ಕೊಡಬಹುದು. 342 ಮಿಲಿಗ್ರಾಂ ಲವಣ 200 ಮಿಲಿಗ್ರಾಂ ಇಬುಪ್ರೊಫೆನ್‌ಗೆ ಸಮ. ಆದರೆ ಬೇಗ ಕರಗುವ ಲವಣ ಬಾಯಲ್ಲೂ ಬೇಗ ಕರಗಿ ಗಂಟಲನ್ನು ಸುಡುತ್ತದೆ, ತೂಕವೂ ಹೆಚ್ಚು. ವೇಗ ಮತ್ತು ರುಚಿ ಇಲ್ಲಿ ನೇರವಾಗಿ ಎದುರಾಗುತ್ತವೆ.

ಇನ್ನೊಂದು ತಪ್ಪು ನಂಬಿಕೆಯೂ ಜನರಲ್ಲಿದೆ: ಬಾಯಲ್ಲಿ ಕರಗುವ ಮಾತ್ರೆಯಿಂದ ಹೊಟ್ಟೆ ಹುಣ್ಣಾಗುವುದಿಲ್ಲ ಎಂದು. ಇಬುಪ್ರೊಫೆನ್, ಪಿರಾಕ್ಸಿಕ್ಯಾಮ್‌ಗಳ ಗುಂಪಿನ ಔಷಧಗಳು ದೇಹದಲ್ಲಿ ನೋವು, ಉರಿಯೂತ ತರುವ ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥಗಳ ಉತ್ಪತ್ತಿಯನ್ನು ತಡೆಯುವ ಮೂಲಕ ನೋವು ತಗ್ಗಿಸುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು; 1982ರ ನೊಬೆಲ್ ಪ್ರಶಸ್ತಿಯ ಹಿಂದೆ ಆ ಕೆಲಸವಿದೆ. ಜಠರದ ಒಳಗೋಡೆಯನ್ನು ಕಾಯುವುದೂ ಅದೇ ಪ್ರೊಸ್ಟಗ್ಲಾಂಡಿನ್. ಔಷಧ ರಕ್ತದಲ್ಲಿದ್ದರೆ ಸಾಕು, ಆ ಕಾವಲು ತಗ್ಗುತ್ತದೆ. ಮಾತ್ರೆಯನ್ನು ನುಂಗಿದರೂ, ನಾಲಿಗೆಯ ಮೇಲೆ ಇಟ್ಟರೂ ಅಷ್ಟೇ. ಹುಣ್ಣಿನ ಅಥವಾ ಮೂತ್ರಪಿಂಡದ ತೊಂದರೆಯಿರುವವರಿಗೆ ಎಂಡಿ ಮಾತ್ರೆಯಿಂದ ಯಾವ ವಿನಾಯಿತಿಯೂ ಇಲ್ಲ. ನಮ್ಮ ದೇಶದಲ್ಲಿ ಬಾಯಲ್ಲಿ ಕರಗುವ ರೂಪದಲ್ಲೂ ಹೆಸರಾಗಿದ್ದ ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಯಕೃತ್ತಿನ ಹಾನಿಯ ಭಯದಿಂದ 2011ರಲ್ಲಿ ನಿಷೇಧಿಸಲಾಯಿತು. ರೂಪ ಎಷ್ಟೇ ಹಿತವಾಗಿದ್ದರೂ ಒಳಗಿನ ಔಷಧ ಅದೇ.

ರುಚಿಯನ್ನು ಎಷ್ಟು ಸಿಹಿಯಾಗಿಸಬೇಕು ಎಂಬ ಪ್ರಶ್ನೆಯೂ ಇದಕ್ಕೆ ಹತ್ತಿರದ್ದು. ಅಮೆರಿಕದಲ್ಲಿ ಕಿತ್ತಳೆ ರುಚಿಯ ಮಕ್ಕಳ ಆಸ್ಪಿರಿನ್ ಮನೆಮನೆಗೆ ಬಂದಾಗ ಮಕ್ಕಳು ಅದನ್ನು ಪೆಪ್ಪರಮಿಂಟೆಂದು ತಿಂದು ವಿಷವೇರಿ ಆಸ್ಪತ್ರೆ ಸೇರಿದರು. ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳವನ್ನು ಕಡ್ಡಾಯಗೊಳಿಸಿದ 1970ರ ಅಲ್ಲಿನ ಕಾಯ್ದೆಯ ಹಿಂದೆ ಆ ಅನುಭವವಿದೆ. ಆದ್ದರಿಂದ ನಮ್ಮ ಗುರಿ ಔಷಧವನ್ನು ಮಿಠಾಯಿ ಮಾಡುವುದಾಗಬಾರದು. ಮಗು ಉಗುಳದಷ್ಟು, ಆದರೆ ಇನ್ನೊಂದು ಬೇಕೆಂದು ಕೇಳದಷ್ಟು ಸಿಹಿ ಸಾಕು. ಆಸ್ಪರ್ಟೇಮ್ ಬಳಸಿದ್ದರೆ ಫಿನೈಲ್‌ಕೀಟೊನ್ಯೂರಿಯ ಎಂಬ ಹುಟ್ಟು ಕಾಯಿಲೆಯಿರುವವರಿಗಾಗಿ ಎಚ್ಚರಿಕೆಯ ಸಾಲು ಸ್ಟ್ರಿಪ್ಪಿನ ಮೇಲಿರಬೇಕು.

ಮಾತ್ರೆ ಪ್ರಯೋಗಾಲಯದಿಂದ ಹೊರಬಿದ್ದ ಮೇಲೆ ತೇವ ಅದಕ್ಕಾಗಿ ಕಾದಿರುತ್ತದೆ. 40 ಡಿಗ್ರಿ ಮತ್ತು ಶೇ 75 ತೇವದಲ್ಲಿ ಆರು ತಿಂಗಳು ಇಟ್ಟು ನೋಡುವ ಪರೀಕ್ಷೆ ಎಲ್ಲ ಮಾತ್ರೆಗಳಿಗೂ ಇದೆ, ಆದರೆ ನೀರು ಕಂಡ ಕೂಡಲೇ ಒಡೆಯಲೆಂದೇ ಮಾಡಿದ ಮಾತ್ರೆಗೆ ಅದು ಕಠಿಣ ಪರೀಕ್ಷೆ. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಯಲ್ಲಿ ಇಟ್ಟ ಎಂಡಿ ಮಾತ್ರೆ ಮೆತ್ತಗಾಗಿ ಅಂಚು ಉದುರುತ್ತದೆ. ಎರಡೂ ಬದಿ ಅಲ್ಯೂಮಿನಿಯಂ ಇರುವ ಸ್ಟ್ರಿಪ್ಪಿನಲ್ಲಿಯೇ ಬಿಟ್ಟು, ತೆಗೆದುಕೊಳ್ಳುವ ಹೊತ್ತಿಗೆ ಒಣಗಿದ ಕೈಯಿಂದ ಬಿಡಿಸಿ, ನೇರವಾಗಿ ನಾಲಿಗೆಯ ಮೇಲೆ ಇಡಬೇಕು. ಲೇಪಿತ ಕಣಗಳಿರುವ ಮಾತ್ರೆಯನ್ನು ಅಗಿಯಬಾರದು. ಅಗಿದರೆ ಪೊರೆಗಳು ಹರಿದು ಕಹಿ ಹೊರಬರುತ್ತದೆ.

ಕೊನೆಯದಾಗಿ ಸಂಶೋಧನೆಯ ವಿದ್ಯಾರ್ಥಿಗಳಿಗೆ ಒಂದು ವಿಷಯ. ಈ ಮಾತ್ರೆಗಳು ಜೊಲ್ಲನ್ನು ನಂಬಿಕೊಂಡಿವೆ. ನಾವು ಅವನ್ನು ಪರೀಕ್ಷಿಸುವುದು ಇಪ್ಪತ್ತರ ಹರೆಯದ ಆರೋಗ್ಯವಂತರ ಬಾಯಲ್ಲಿ. ಬಳಸುವವರಲ್ಲಿ ಹಲವರು ಹಿರಿಯರು. ರಕ್ತದೊತ್ತಡ, ಖಿನ್ನತೆ, ಮೂತ್ರಕೋಶದ ತೊಂದರೆಗಳಿಗೆ ಅವರು ನುಂಗುವ ಹಲವು ಔಷಧಗಳು ಬಾಯನ್ನು ಒಣಗಿಸುತ್ತವೆ. ನರಗಳ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಜೊಲ್ಲನ್ನು ತಗ್ಗಿಸುತ್ತದೆ. ಅಂಥವರ ನಾಲಿಗೆಯ ಮೇಲೆ 20 ಸೆಕೆಂಡುಗಳ ಮಾತ್ರೆ ನಿಮಿಷಗಟ್ಟಲೆ ಅಂಟಿಕೊಂಡು ಕೂರುತ್ತದೆ, ಅಷ್ಟು ಹೊತ್ತು ಲೇಪನ ತಡೆಯುತ್ತದೆಯೋ ಇಲ್ಲವೋ ಎಂದು ಯಾರೂ ನೋಡಿರುವುದಿಲ್ಲ. ಅವರಿಗೆ ಸದ್ಯಕ್ಕೆ ನಾನು ಹೇಳುವುದು, ವೈದ್ಯರು ನೀರು ಬೇಡವೆಂದು ನಿರ್ದಿಷ್ಟವಾಗಿ ಹೇಳದಿದ್ದರೆ ಮಾತ್ರೆ ಇಡುವ ಮುನ್ನ ಒಂದು ಗುಟುಕು ನೀರಿನಿಂದ ಬಾಯಿ ಒದ್ದೆ ಮಾಡಿಕೊಳ್ಳಿ ಎಂದು. ನಿಮಗೆ ಹೇಳುವುದು, ಮುಂದಿನ ಸೂತ್ರವನ್ನು ಪರೀಕ್ಷಿಸುವಾಗ ಪೆಟ್ರಿ ತಟ್ಟೆಗೆ 6 ಮಿಲಿಲೀಟರಿನ ಬದಲು ಅರ್ಧ ಮಿಲಿಲೀಟರ್ ನೀರು ಹಾಕಿಯೂ ಒಮ್ಮೆ ನೋಡಿ, ಔಷಧದ ಸೋರಿಕೆಯನ್ನು 30 ಸೆಕೆಂಡಿಗೆ ನಿಲ್ಲಿಸದೆ ಐದು ನಿಮಿಷದವರೆಗೂ ಅಳೆಯಿರಿ.